ಏಳು ಕವರಿನ ಚಪ್ಪಲಿ

ವಾಲ್‌ನಟ್
ಕ್ಯಾಲಿಫೋರ್ನಿಯಾ
ಜನವರಿ 22, 2025

ತಂಗಿ ನೀರಜಾಳಿಗೆ ಅಣ್ಣನ ಆಶೀರ್ವಾದಗಳು.

ಇದು ತಪ್ಪೊಪ್ಪಿಗೆಯ ಪತ್ರ. ಕೂತು ಓದು. ಮೊನ್ನೆ ಭಾನುವಾರ, ಹತ್ತೊಂಬತ್ತನೆಯ ತಾರೀಕು, ಮಧ್ಯಾಹ್ನದ ಊಟಕ್ಕೂ ಚಹಾಕ್ಕೂ ನಡುವಿನ ಹೊತ್ತಿನಲ್ಲಿ, ಫೋರ್ ಎಸ್ ರ್ಯಾಂಚ್‌ನ ನಿನ್ನ ಮನೆಯ ಗ್ಯಾರೇಜಿನ ಚಪ್ಪಲಿ ಸ್ಟ್ಯಾಂಡಿನಿಂದ ಕಂದು ಬಣ್ಣದ ಒಂದು ಜೊತೆ ಚಪ್ಪಲಿಯನ್ನು, ಉಮಾಶಂಕರನೆಂಬ ನಾನು, ವಯಸ್ಸು ಅರವತ್ತೊಂದು, ಪೂರ್ಣ ಎಚ್ಚರದಲ್ಲಿದ್ದು, ಯಾರ ಬಲವಂತಕ್ಕೂ ಒಳಗಾಗದೆ ಕದ್ದಿದ್ದೇನೆ. ಚಪ್ಪಲಿ ಅವ್ವನದು. ಸಾಕ್ಷಿ ಯಾರೂ ಇಲ್ಲ. ನಿನ್ನ ಯಜಮಾನ ಜಯದೇವರು ಮಾದಲಿ ಉಂಡ ಭಾರಕ್ಕೆ ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದರು.

ಮೆಸೇಜ್ ಬಿಟ್ಟು ಕಾಗದ ಯಾಕೆ ಅನ್ನುತ್ತೀಯೇನು? ನೀನು ನನ್ನನ್ನು ವಾಟ್ಸಾಪ್‌ನಲ್ಲಿ ಬ್ಲಾಕ್ ಮಾಡಿದ್ದೀ. ಮನೆಗೆ ಬಂದರೆ ತುಪ್ಪ ಬಡಿಸುತ್ತೀ, ಮೆಸೇಜ್ ಕಳಿಸಿದರೆ ಬಾಗಿಲು ಹಾಕುತ್ತೀ. ದಿನಕ್ಕೆ ಬರೀ ನಲವತ್ತು ಎಚ್ಚರಿಕೆ ಕಳಿಸಿದ್ದಕ್ಕೆ ಇಷ್ಟು ಶಿಕ್ಷೆಯೇ? ಸದ್ಯ, ಅಂಚೆಪೆಟ್ಟಿಗೆಗೆ ಯಾರೂ ಬ್ಲಾಕ್ ಬಟನ್ ಹಚ್ಚಿಲ್ಲ.

ಈ ತಿಂಗಳು ಲಾಸ್ ಏಂಜಲೀಸ್ ಉರಿದದ್ದನ್ನು ನೀನು ಟಿವಿಯಲ್ಲಿ ನೋಡಿದೆ. ನಾನು ಉದಯಶಂಕರನ ಕಾಲಲ್ಲಿ ನೋಡಿದೆ. ನಮ್ಮ ಕನ್ನಡ ಕೂಟದ ಉದಯಶಂಕರ, ನಿನಗೂ ಗೊತ್ತು. ಅವನ ಮನೆ ಆಲ್ಟಡೀನಾದಲ್ಲಿತ್ತು. 'ಇತ್ತು' ಎಂದೇ ಬರೆಯಬೇಕು, ಈಗ ಅಲ್ಲಿ ಬೂದಿ ಮಾತ್ರ. ಚಪ್ಪಲಿ, ಬೂಟು ಎಲ್ಲ ನಮ್ಮವರ ಪದ್ಧತಿಯಂತೆ ಮುಂಬಾಗಿಲ ಹೊರಗೆ. ಕಾರು ಹಿಂದಿನ ಓಣಿಯಲ್ಲಿ. ಮುಂಬಾಗಿಲ ಕಡೆ ಕಿಡಿಗಳ ಮಳೆ. ಬರಿಗಾಲಲ್ಲಿ ಬಿಸಿ ಬೂದಿ ತುಳಿದು ಕಾರು ಹತ್ತಿದ ಮನುಷ್ಯ ಈಗ ನಮ್ಮ ಮೇಲಿನ ಕೋಣೆಯಲ್ಲಿದ್ದಾನೆ, ಎರಡೂ ಪಾದಕ್ಕೆ ಪಟ್ಟಿ. ನಮ್ಮ ಜನ ಚಪ್ಪಲಿಯನ್ನು ಹೊರಗೆ ಬಿಟ್ಟು ಸಾಯಲು ತಯಾರು, ಒಳಗೆ ತಂದು ಬದುಕಲು ತಯಾರಿಲ್ಲ. ನನಗೆ ಸಿಟ್ಟು ಬಂದಿದೆ ನೀರಜಾ. ತಮಾಷೆ ಬೆರೆಸಿ ಬರೆದರೂ ಸಿಟ್ಟು ಸಿಟ್ಟೇ.

ಈಗ ಕದ್ದ ಮಾಲು ಎಲ್ಲಿದೆ ಎಂಬ ವಿಷಯ. ನಿನ್ನ ಮನೆಯಲ್ಲೇ, ಅವ್ವನ ಮಂಚದ ಕೆಳಗಿದೆ. ಬೆಂಕಿಯಾದ ಮೇಲೆ ಇಲ್ಲಿ ಉಳಿದ ಭಯ ಭೂಕಂಪದ್ದು; ನಡುಗಿದ ಮನೆಯಲ್ಲಿ ಮೊದಲು ಒಡೆಯುವುದು ಗಾಜು, ಮೊದಲು ತುಳಿಯುವುದು ನಾವು. ಆದರೆ ಅವಳು ಲಿಂಗಪೂಜೆ ಮಾಡುವ ಕೋಣೆಯಲ್ಲಿ ಚಪ್ಪಲಿ ಇಟ್ಟೆನೆಂದು ಗೊತ್ತಾದರೆ ನನ್ನನ್ನೇ ಹೊರಗೆ ಇಡುತ್ತಾಳೆ. ಅದಕ್ಕೇ, ಇಪ್ಪತ್ತೆಂಟು ವರ್ಷದಿಂದ ಹುಬ್ಬಳ್ಳಿಯ ಉಪ್ಪಿನಕಾಯಿಯನ್ನು ಒಂದು ಹನಿ ಎಣ್ಣೆ ಸೋರದಂತೆ ಸೂಟ್‌ಕೇಸಿನಲ್ಲಿ ತಂದ ವಿದ್ಯೆಯನ್ನೇ ಇಲ್ಲಿ ಬಳಸಿದೆ. ಕವರಿನ ಮೇಲೆ ಕವರು, ಒಟ್ಟು ಏಳು. ಒಂದೊಂದಕ್ಕೂ ಗಂಟು, ಗಂಟಿನ ಮೇಲೆ ಪ್ಯಾಕಿಂಗ್ ಟೇಪು, ಕೊನೆಗೆ ಜಿಪ್ ಟೈ ಎಂಬ ಪ್ಲಾಸ್ಟಿಕ್ ಪಟ್ಟಿ ಬಿಗಿದು ಮಂಚದ ಕಾಲಿಗೆ ಕಟ್ಟಿದ್ದೇನೆ. ಚಪ್ಪಲಿಯ ದೂಳಿನ ಒಂದು ಕಣವೂ ಲಿಂಗಯ್ಯನ ಕಡೆ ಹಾಯುವುದಿಲ್ಲ. ಕೂಟದ ವಿಪತ್ತು ಸಮಿತಿಯ ಅಧ್ಯಕ್ಷನಾಗಿ ವಾಲ್‌ನಟ್ ಮತ್ತು ಡೈಮಂಡ್ ಬಾರ್‌ನ ನಲವತ್ತೆರಡು ಮನೆಗಳಲ್ಲಿ ಇದೇ ಪ್ಯಾಕಿಂಗ್ ಮಾಡಿಕೊಟ್ಟಿದ್ದೇನೆ. ಕಂಪನಿಯಿಂದ ನಿವೃತ್ತನಾದವನು ಕಂಪನಕ್ಕೆ ಸೇರಿಕೊಂಡ ಎಂದು ನಿನ್ನ ಅತ್ತಿಗೆ ಶೋಭಾ ಅಣಕಿಸುತ್ತಾಳೆ. ಅಣಕಿಸಲಿ.

ಅವ್ವನಿಗೆ ಮೂರು ಮಾತು ಬಾಯಿಪಾಠ ಮಾಡಿಸಿದ್ದೇನೆ: ನೆಲ ನಡುಗಿದಾಗ ಮೇಜಿನ ಕೆಳಗೆ ಕೂರು, ನಿಂತ ಮೇಲೆ ಚಪ್ಪಲಿ ಮೆಟ್ಟು, ಆಮೇಲೆ ಹೋಗಿ ಗ್ಯಾಸ್ ಆರಿಸು. ವಚನ ಹೇಳಿದ ಹಾಗೆ ಹೇಳಿದಳು. ಚಪ್ಪಲಿ ಎಲ್ಲಿದೆ ಎಂದು ಮಾತ್ರ ಹೇಳಿಲ್ಲ, ಹೊತ್ತು ನೋಡಿ ನೀನೇ ಹೇಳು. ನೀನು ಹೆಸರಲ್ಲೇ ನೀರು ಇಟ್ಟುಕೊಂಡು ಮನೆಯಲ್ಲಿ ಒಂದು ಕ್ಯಾನ್ ನೀರು ಇಟ್ಟಿಲ್ಲ, ಅದು ಬೇರೆ ಮಾತು. ಚಪ್ಪಲಿ ಮುಟ್ಟಬೇಡ, ಅಷ್ಟು ಸಾಕು.

ನಿನ್ನ ಅಣ್ಣ,
ಉಮಾಶಂಕರ


ಫೋರ್ ಎಸ್ ರ್ಯಾಂಚ್
ಫೆಬ್ರುವರಿ 3, 2025

ಅಣ್ಣಾ,

ನಿನ್ನ ತಪ್ಪೊಪ್ಪಿಗೆ ಹತ್ತು ದಿನ ತಡವಾಗಿ ಕೈಸೇರಿತು. ಅಷ್ಟರಲ್ಲಿ ಅವ್ವ ಚಪ್ಪಲಿ ಹುಡುಕಿ ಹುಡುಕಿ, ಪಕ್ಕದ ಮನೆಯ ನಾಯಿಯೇ ಒಯ್ದಿದೆ ಎಂದು ತೀರ್ಮಾನಿಸಿದ್ದಳು. ಅವಳ ಕಾಟಕ್ಕೆ ನಾನು ಹೋಗಿ ಆ ಮನೆಯಾಕೆಯನ್ನು ಮೆಲ್ಲಗೆ ವಿಚಾರಿಸಿದೆ. ಪಾಪ, ಆಕೆ ಹಿತ್ತಲನ್ನೆಲ್ಲ ಅಗೆದು ನೋಡಿ, ಸಿಗಲಿಲ್ಲವೆಂದು ತಾನೇ ಹೊಸ ಜೊತೆ ತಂದುಕೊಟ್ಟಳು. ನಿನ್ನ ಪತ್ರ ಓದಿ ಮತ್ತೆ ಅವರ ಬಾಗಿಲಿಗೆ ಹೋದೆ. ನಿನ್ನ ದೆಸೆಯಿಂದ ನಾನು ಒಂದು ನಾಯಿಯ ಕ್ಷಮೆ ಕೇಳಿದ್ದೇನೆ. "ಮಾಮ ಈಸ್ ಸೋ ಎಕ್ಸ್‌ಟ್ರಾ" ಎಂದು ನಿನ್ನ ಸೋದರಸೊಸೆ ಪ್ರಣತಿ ಇನ್ನೂ ನಗುತ್ತಿದ್ದಾಳೆ.

ಅವ್ವನಿಗೆ ಪತ್ರ ಓದಿ ಹೇಳಿದೆ. "ಲಿಂಗಪೂಜಿ ಮಾಡೂ ಖೋಲ್ಯಾಗ ಚಪ್ಲಿ ಇಟ್ಟಾನ? ಅವಗ ಬುದ್ಧಿ ಐತಿ ಇಲ್ಲೊ?" ಎಂದು ಎದ್ದು ಕೂತಳು. ಬಗ್ಗಿ ನೋಡಿದಳು. ಏಳು ಕವರು ಎಣಿಸಿದಳು. ಆಮೇಲೆ, "ಇರಲಿ ಬಿಡವಾ, ಹೆಣಾ ಕಟ್ಟಿದಂಗ ಕಟ್ಯಾನ, ಎಲ್ಲೀ ಹೊರಗ ಬರ್ತೈತಿ" ಅಂದಳು. ಕವರು ಏಳಿದ್ದವೆಂದು ಉಳಿದುಕೊಂಡಿತು, ತಿಳಿ.

ಈಗ ನನ್ನ ಮಾತು. ಅವ್ವ ಆರು ತಿಂಗಳು ನಿನ್ನ ಹತ್ತಿರ, ಆರು ತಿಂಗಳು ನನ್ನ ಹತ್ತಿರ ಎಂಬುದು ಅಪ್ಪ ಹೋದ ಮೇಲೆ ನಾವೇ ಮಾಡಿಕೊಂಡ ಒಪ್ಪಂದ. ನಿನ್ನ ಪಾಳಿ ಡಿಸೆಂಬರಿಗೇ ಬಂದಿತ್ತು. ಮೊದಲು ನಿನ್ನ ಸಮಿತಿಯ ತರಬೇತಿ ಅಂದೆ, ಆಮೇಲೆ ಅಡುಗೆಮನೆ ರಿಪೇರಿ ಅಂದೆ, ಈಗ ಹೊಗೆ ಅನ್ನುತ್ತೀ. ಹೊಗೆ ನಿಜ, ಒಪ್ಪಿದೆ. ಡಿಸೆಂಬರಿನಲ್ಲಿ ಯಾವ ಹೊಗೆ ಇತ್ತು? ಪೊವೇ ಆಫೀಸಿಗೆ ವಾರದಲ್ಲಿ ಐದೂ ದಿನ ಬರಲೇಬೇಕು ಎಂದು ನಮ್ಮ ಹೊಸ ಮ್ಯಾನೇಜರು ಕೂತಿದ್ದಾನೆ. ಅವ್ವ ಹಗಲೆಲ್ಲ ಒಬ್ಬಳೇ. ನೀನು ರಿಟೈರ್ ಆಗಿ ಮನೆಯಲ್ಲಿದ್ದೀ. ನಲವತ್ತೆರಡು ಮನೆ ಕಾಯುವವನೇ, ನಿನ್ನ ತಾಯಿ ಇರುವುದು ನಲವತ್ತಮೂರನೆಯ ಮನೆಯಲ್ಲಿ.

ನೀರಜಾ


ವಾಲ್‌ನಟ್
ಏಪ್ರಿಲ್ 17, 2025

ನೀರಜಾ,

ಆಶೀರ್ವಾದ ಗೀಶೀರ್ವಾದ ಈ ಸಲ ಇಲ್ಲ.

ಭೂಮಿ ನಡುಗಿದ್ದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ. ಇಂದು ಗುರುವಾರ. ಅವ್ವನ ಎರಡೂ ಅಂಗಾಲು ಗಾಜಿನಿಂದ ಸೀಳಿವೆ, ಹೊಲಿಗೆ ಬಿದ್ದಿವೆ ಎಂಬುದು ನನಗೆ ಗೊತ್ತಾಗಿದ್ದು ಇಂದು, ಅದೂ ಜಯದೇವರ ಬಾಯಿಂದ, ಅದೂ ಅವರು ಬಾಯಿ ತಪ್ಪಿ ಹೇಳಿದ್ದರಿಂದ. ಸೋಮವಾರ ಮಧ್ಯಾಹ್ನ ನಾನು ಫೋನ್ ಮಾಡಿದಾಗ "ಎಲ್ಲ ಅರಾಮ" ಎಂದೆಯಲ್ಲ? ಸಕ್ಕರೆ ಕಾಯಿಲೆಯ ಎಪ್ಪತ್ತೊಂಬತ್ತು ವರ್ಷದ ಮುದುಕಿ ಕಾಲು ಕೊಯ್ದುಕೊಂಡು ಕೂತಿರುವುದಕ್ಕೆ ಫೋರ್ ಎಸ್ ರ್ಯಾಂಚ್‌ನಲ್ಲಿ 'ಅರಾಮ' ಅನ್ನುತ್ತಾರೇನು?

ಒಂದೇ ಒಂದು ಪ್ರಶ್ನೆ. ಚಪ್ಪಲಿ ಎಲ್ಲಿ?

ನಾನು ಕಟ್ಟಿಟ್ಟ ಚಪ್ಪಲಿ ಮಂಚದ ಕೆಳಗೆ ಇದ್ದಿದ್ದರೆ ಅವಳು ಬರಿಗಾಲಲ್ಲಿ ಗಾಜು ತುಳಿಯುತ್ತಿದ್ದಳೇ? ಮೂರು ಮಾತನ್ನೂ ಬಾಯಿಪಾಠ ಹೇಳಿದವಳು ಎರಡನೆಯದನ್ನು ಯಾಕೆ ಬಿಟ್ಟಳು? ನೀನೇ ತೆಗೆದಿರಬೇಕು. ವ್ಯಾಕ್ಯೂಮ್ ಮಾಡಲು ಅಡ್ಡ ಬರುತ್ತದೆಂದು ತೆಗೆದೆಯೋ, ನನ್ನ ಮೇಲಿನ ಹಟಕ್ಕೆ ತೆಗೆದೆಯೋ, ನೀನೇ ಹೇಳು. ಪಾದರಕ್ಷೆ ಎಂಬ ಮಾತಿನಲ್ಲೇ ರಕ್ಷೆ ಇದೆ, ಅದನ್ನೂ ಗ್ಯಾರೇಜಿಗೆ ಎಸೆಯುವಷ್ಟು ಶಿಸ್ತು ನಿನ್ನದು!

ಅದೇ ಕಂಪನ ಇಲ್ಲಿಗೂ ಬಂತು. ಫೋನಿನಲ್ಲಿ ಅಲರ್ಟ್ ಕೂಗಿದ್ದೇ ತಡ, ಮೇಜಿನ ಕೆಳಗೆ ಕೂತು, ನೆಲ ನಿಂತ ಮೇಲೆ ಮಂಚದ ಕೆಳಗಿನ ಬೂಟು ಮೆಟ್ಟಿ ಹೊರಗೆ ಬಂದೆ. ನಡುಕ ನಿಂತು ಬರೀ ಹನ್ನೊಂದು ಸೆಕೆಂಡು. ಹನ್ನೊಂದು! ಸಮಿತಿಯ ಗ್ರೂಪಿನಲ್ಲಿ ಹಾಕಿದ್ದೇನೆ, ಬಸವಪ್ರಸಾದ್ ಹದಿನೇಳು ಚಪ್ಪಾಳೆ ಕಳಿಸಿದ್ದಾನೆ. ಸಿದ್ಧತೆ ಎಂದರೆ ಇದು.

ಅವ್ವನನ್ನು ಇಲ್ಲಿಗೆ ಕಳಿಸು. ಈ ಮನೆಯಲ್ಲಿ ಅವಳ ಕಾಲಿಗೆ ಒಂದು ಮುಳ್ಳೂ ಚುಚ್ಚುವುದಿಲ್ಲ.

ಉಮಾಶಂಕರ


ಫೋರ್ ಎಸ್ ರ್ಯಾಂಚ್
ಏಪ್ರಿಲ್ 23, 2025

ಅಣ್ಣಾ,

ಬಲಗಾಲಿಗೆ ಒಂಬತ್ತು ಹೊಲಿಗೆ, ಎಡಗಾಲಿಗೆ ನಾಲ್ಕು. ಬಲಗಾಲಿನ ಹೆಬ್ಬೆರಳ ಬುಡದ ಗಾಯ ಕಪ್ಪಗಾಗಿದೆ. ಸಕ್ಕರೆ ಹತೋಟಿಗೆ ಬಾರದಿದ್ದರೆ ಬೆರಳು ತೆಗೆಯಬೇಕಾದೀತು, ಎರಡು ವಾರ ಕಾಯೋಣ ಎಂದಿದ್ದಾರೆ ಡಾಕ್ಟರು. ದಿನಾ ನಾನೇ ಪಟ್ಟಿ ಬದಲಿಸುತ್ತಿದ್ದೇನೆ. ರಜೆ ಹಾಕಿದ್ದೇನೆ.

ನಿನ್ನ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡಬೇಡ ಎಂದು ಅವ್ವ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಕೇಳಬೇಡ.

ನೀರಜಾ


ವಾಲ್‌ನಟ್
ಏಪ್ರಿಲ್ 28, 2025

ನೀರಜಾ,

ಆಣೆ! ತಪ್ಪು ಮಾಡಿದವರನ್ನು ಉಳಿಸಲು ತಾಯಂದಿರು ಹಾಕಿಸುವ ಆಣೆ. ನನಗೆ ಅರ್ಥವಾಗದೆ? ನೀನು ಚಿಕ್ಕವಳಿದ್ದಾಗ ಅಪ್ಪನ ರೇಡಿಯೋ ಬೀಳಿಸಿದಾಗಲೂ ಅವ್ವ ಹೀಗೇ ಬಾಯಿ ಹೊಲಿದುಕೊಂಡಿದ್ದಳು, ಏಟು ನನಗೆ ಬಿದ್ದಿತ್ತು. ಈಗ ಏಟು ಅವಳ ಕಾಲಿಗೇ ಬಿದ್ದಿದೆ.

ನಾನು ಸುಮ್ಮನೆ ಕೂತಿಲ್ಲ. ಕೂಟದ ಮಾಸಪತ್ರಿಕೆಗೆ ಲೇಖನ ಬರೆದಿದ್ದೇನೆ, 'ಒಂದು ಮನೆಯ ಪಾಠ'. ಹೆಸರು ಹಾಕಿಲ್ಲ, ಹೆದರಬೇಡ. 'ಸ್ಯಾನ್ ಡಿಯಾಗೋ ಕಡೆಯ ಒಂದು ಸುಶಿಕ್ಷಿತ ಕುಟುಂಬ' ಎಂದಿದ್ದೇನೆ. 'ಹಿರಿಯರ ಮಂಚದ ಕೆಳಗಿನ ಚಪ್ಪಲಿಯನ್ನು ಸರಿಸುವ ಕೈ, ಹಿರಿಯರನ್ನೇ ಸರಿಸಿದ ಹಾಗೆ' ಎಂಬ ಸಾಲು ಇದೆ. ಓದಿದ ಶೀತಲ್ ಎಂಬಾಕೆ ಅತ್ತೆಯನ್ನು ತಬ್ಬಿಕೊಂಡು ಅತ್ತಳಂತೆ. ನಿನ್ನ ಕಣ್ಣಲ್ಲೂ ಒಂದು ಹನಿ ಬಂದರೆ ಬರೆದದ್ದು ಸಾರ್ಥಕ.

ಶನಿವಾರ ನಾನೇ ಕಾರು ತರುತ್ತೇನೆ. ಅವ್ವನ ಬಟ್ಟೆ, ಮಾತ್ರೆ ತೆಗೆದಿಡು. ನಿನ್ನ ಮನೆ ಅವಳಿಗೆ ಸುರಕ್ಷಿತವಲ್ಲ.

ಉಮಾಶಂಕರ


ಫೋರ್ ಎಸ್ ರ್ಯಾಂಚ್
ಮೇ 2, 2025

ಅಣ್ಣಾ,

ಶನಿವಾರ ಬರಬೇಡ. ಬಂದರೆ ಬಾಗಿಲು ತೆಗೆಯುವುದಿಲ್ಲ. ಇದನ್ನು ಎಕ್ಸ್‌ಪ್ರೆಸ್‌ನಲ್ಲಿ ಕಳಿಸುತ್ತಿದ್ದೇನೆ, ಜೊತೆಗೆ ಒಂದು ಪಾರ್ಸೆಲ್ ಇದೆ. ಮೊದಲು ಪಾರ್ಸೆಲ್ ಬಿಚ್ಚು. ನಾನು ಅದನ್ನು ಬರೀ ಒಂದು ರಟ್ಟಿನ ಡಬ್ಬಿಯಲ್ಲಿ ಹಾಕಿದ್ದೇನೆ, ನಿನ್ನ ಹಾಗೆ ಕಟ್ಟಿಲ್ಲ. ಬಿಚ್ಚಬಹುದು.

ಕಂಡಿತೇ? ನಿನ್ನ ಏಳು ಕವರಿನ ಗಂಟು. ಮೂರನೆಯ ಕವರಿನವರೆಗೆ ಹರಿದಿದೆ. ಮೂರನೆಯದರ ಟೇಪಿನ ಮೇಲೆ ಅರ್ಧ ಚಂದ್ರದ ಹಾಗೆ ಒಂದು ಗುರುತಿದೆ, ನೋಡು. ಅದು ಅವ್ವನ ಕಟ್ಟಿಸಿದ ಹಲ್ಲಿನ ಗುರುತು.

ಆ ದಿನ ನಾನು ಪೊವೇ ಆಫೀಸಿನಲ್ಲಿದ್ದೆ. ಪ್ರಣತಿ ಶಾಲೆಯಲ್ಲಿ, ಜಯದೇವ ಕೆಲಸದಲ್ಲಿ. ಅವ್ವ ಒಲೆಯ ಮೇಲೆ ಹಾಲಿಟ್ಟು ಕೋಣೆಗೆ ಬಂದಿದ್ದಳು. ನೆಲ ನಡುಗಿತು. ನೀನು ಕಲಿಸಿದ ಹಾಗೆ ಮೇಜಿನ ಕೆಳಗೆ ಕೂತಳು. ಕೂತಲ್ಲೇ ಹೊರಗೆ ಅಪ್ಪನ ದೊಡ್ಡ ಫೋಟೋ ಬಿದ್ದು ಗಾಜು ಪುಡಿಯಾದದ್ದು ಕೇಳಿಸಿತಂತೆ. ನಡುಕ ನಿಂತ ಮೇಲೆ ಎರಡನೆಯ ಮಾತು ನೆನಪಾಯಿತು. ಮಂಚದ ಕೆಳಗೆ ಕೈ ಹಾಕಿದಳು. ಸಂಧಿವಾತದ ಬೆರಳು ಅಣ್ಣಾ, ಮಾತ್ರೆಯ ಡಬ್ಬಿ ತೆಗೆಯಲೂ ಅವಳಿಗೆ ನಾನು ಬೇಕು. ಜಿಪ್ ಟೈ ಬಿಚ್ಚಲಾರದೆ ಕವರನ್ನೇ ಉಗುರಿನಿಂದ ಸೀಳಿದಳು. ಒಂದು ಹೋಯಿತು, ಎರಡು ಹೋಯಿತು. ಮೂರನೆಯದಕ್ಕೆ ಹಲ್ಲು ಹಚ್ಚಿದಳು. ಅಷ್ಟರಲ್ಲಿ ಹಾಲು ಉಕ್ಕಿ ಹೊತ್ತಿದ ವಾಸನೆ.

ಮೂರನೆಯ ಮಾತು ಏನಿತ್ತು? ಆಮೇಲೆ ಹೋಗಿ ಗ್ಯಾಸ್ ಆರಿಸು.

ಹೋಗಿ ಆರಿಸಿದಳು. ಅಪ್ಪನ ಫೋಟೋದ ಗಾಜಿನ ಮೇಲೆ ನಡೆದುಕೊಂಡು ಹೋಗಿ ಆರಿಸಿ, ಅದೇ ದಾರಿಯಲ್ಲಿ ವಾಪಸ್ ಬಂದು ಮಂಚದ ಮೇಲೆ ಕೂತಳು. ನಿನ್ನ ಮೂರು ಮಾತಿನಲ್ಲಿ ಎರಡನ್ನು ಅಕ್ಷರಶಃ ಪಾಲಿಸಿದ್ದಾಳೆ. ಪಾಲಿಸಲಾಗದ ಒಂದು, ನೀನು ಬಿಗಿದು ಕಟ್ಟಿದ್ದು. ರಕ್ಷೆಯನ್ನು ಶಿಕ್ಷೆ ಮಾಡಿದವನು ನೀನು. ಪ್ರಾಸ ನಿನಗಷ್ಟೇ ಬರುತ್ತದೆಂದು ತಿಳಿಯಬೇಡ.

ಫೋನ್ ಲೈನು ಸಿಗದೆ, ನಾನು ಮನೆ ಮುಟ್ಟಿದಾಗ ಐವತ್ತು ನಿಮಿಷವಾಗಿತ್ತು. ಅಡುಗೆಮನೆಯಿಂದ ಕೋಣೆಯವರೆಗೆ ಕೆಂಪು ಹೆಜ್ಜೆ. ಅವ್ವ ಏನಂದಳು ಗೊತ್ತೇ? "ಶಂಕ್ರ್ಯಾಗ ಹೇಳಬ್ಯಾಡವಾ, ಮನಸಿಗೆ ಹಚ್ಕೋತಾನ. ಪಾಪ, ಭಾಳ ಚೊಲೋ ಕಟ್ಯಾನ." ಆ ಐವತ್ತು ನಿಮಿಷ ನನ್ನ ಎದೆಯ ಮೇಲೆ ಕೂತಿದೆ. ನಾನೂ ಅಲ್ಲಿರಲಿಲ್ಲ. ಅದಕ್ಕೇ ಇಷ್ಟು ದಿನ ನಿನ್ನ ಬೈಗುಳ ನುಂಗಿದೆ. 'ಸುಶಿಕ್ಷಿತ ಕುಟುಂಬ' ಎಂಬುದನ್ನು ಓದಿದ ಮೇಲೆ ನುಂಗಲಾಗಲಿಲ್ಲ. ಆಣೆ ಮುರಿದಿದ್ದೇನೆ. ಪಾಪ ಬಂದರೆ ಅರ್ಧ ನಿನಗೆ.

ನಿನ್ನೆ ಡಾಕ್ಟರು ನೋಡಿದರು. ಗಾಯ ಕೆಂಪಗೆ ತಿರುಗಿದೆ, ಬೆರಳು ಉಳಿಯಿತು. ಇದನ್ನು ಮೊದಲೇ ಬರೆಯಬಹುದಿತ್ತು. ಇಲ್ಲಿಯವರೆಗೆ ನೀನು ಹೆದರಿಕೊಂಡು ಓದಲಿ ಎಂದು ಬರೆಯಲಿಲ್ಲ.

ಆ ಗಂಟನ್ನು ಕತ್ತರಿಯಿಲ್ಲದೆ ಬಿಚ್ಚಿ ನೋಡು. ಆಮೇಲೆ ಹನ್ನೊಂದು ಸೆಕೆಂಡಿನ ಮಾತಾಡು.

ನೀರಜಾ


ವಾಲ್‌ನಟ್
ಮೇ 8, 2025

ನೀರಜಾ,

ಸಿಟ್ಟು ಇನ್ನೂ ಇದೆ. ವಿಳಾಸ ಮಾತ್ರ ಬದಲಾಗಿದೆ, ಈಗ ನನ್ನ ಮನೆಗೇ ಬರುತ್ತಿದೆ.

ನೀನು ಕಳಿಸಿದ ಗಂಟನ್ನು ಬಿಚ್ಚಲಿಲ್ಲ. ಆ ಹಲ್ಲಿನ ಗುರುತಿನ ಮೇಲೆ ನನ್ನ ಕೈ ಹೋಗಲಿಲ್ಲ. ನನ್ನ ಮಂಚದ ಕೆಳಗಿನದನ್ನು ಎಳೆದು ಕೂತೆ. ಶೋಭಾ ಫೋನ್ ಹಿಡಿದು ಸಮಯ ನೋಡಿದಳು. ಸಂಧಿವಾತವಿಲ್ಲದ ಬೆರಳು, ಸ್ವಂತ ಹಲ್ಲು. ಒಂಬತ್ತು ನಿಮಿಷ. ಒಂದು ಉಗುರು ಹೋಯಿತು. "ಇಷ್ಟೊತ್ತಿಗೆ ಮನೆ ಬಿದ್ದು, ವಿಮೆಯವರು ಬಂದು ಫೋಟೋ ತೆಗೆದು ಹೋಗ್ತಿದ್ರು" ಎಂದಳು. ಕೂಡಲೇ ನಲವತ್ತೆರಡು ಮನೆಗೂ ಫೋನ್ ಹಚ್ಚಿ, ಕತ್ತರಿ ತಗೊಂಡು ಗಂಟು ಬಿಚ್ಚಿ, ಒಂದು ಬಟ್ಟೆಯ ಚೀಲದಲ್ಲಿ ಸುಮ್ಮನೆ ಹಾಕಿಡಿ ಎಂದೆ. ಇಪ್ಪತ್ತಾರು ಮನೆಯವರು ಗಂಟನ್ನು ಎಂದೋ ಗ್ಯಾರೇಜಿನ ಚಪ್ಪಲಿ ಸ್ಟ್ಯಾಂಡಿಗೇ ಸಾಗಿಸಿದ್ದರು. ಒಬ್ಬರು ಅದನ್ನು ಉಪ್ಪಿನಕಾಯಿ ಎಂದುಕೊಂಡು ಫ್ರಿಜ್ಜಿನಲ್ಲಿಟ್ಟಿದ್ದರು. ಐದು ತಿಂಗಳಾದರೂ ಒಬ್ಬರೂ ಬಿಚ್ಚಿ ನೋಡಿರಲಿಲ್ಲ. ನಾನೂ ಬಿಚ್ಚಿಸಿ ನೋಡಿರಲಿಲ್ಲ. ಕಟ್ಟುವುದರಲ್ಲೇ ನನಗೆ ಸಂತೋಷವಿತ್ತು, ನೀರಜಾ. ನನಗೆ ನನ್ನ ಮೇಲೆ ಹಲ್ಲು ಕಡಿಯುವಷ್ಟು ಸಿಟ್ಟು ಬಂದದ್ದು ಅಲ್ಲಿ.

ಪತ್ರಿಕೆಗೆ ಇನ್ನೊಂದು ಲೇಖನ ಕೊಟ್ಟಿದ್ದೇನೆ, 'ಅಧ್ಯಕ್ಷರ ಮನೆಯ ಪಾಠ'. ಈ ಸಲ ಹೆಸರು ಹಾಕಿದ್ದೇನೆ. ಬಸವಪ್ರಸಾದ್ ಒಂದೂ ಚಪ್ಪಾಳೆ ಕಳಿಸಿಲ್ಲ.

ಅಡುಗೆಮನೆ ರಿಪೇರಿ ನಡೆಯಲೇ ಇಲ್ಲ. ನಾನು ಮನೆಯಲ್ಲಿ ಇರುತ್ತಲೂ ಇರಲಿಲ್ಲ. ನಲವತ್ತೆರಡು ಮನೆಗಳಲ್ಲಿ "ಬನ್ನಿ ಅಂಕಲ್, ಕೂಡ್ರಿ ಅಂಕಲ್" ಅನ್ನುತ್ತಿದ್ದರು, ಚಹಾ ಕೊಡುತ್ತಿದ್ದರು. ಅವ್ವ ಬಂದರೆ ಮನೆಯಲ್ಲಿ ಕೂರಬೇಕಲ್ಲ ಎಂದು ಪಾಳಿ ಮುಂದೂಡಿದೆ. ನೀನು ಫೆಬ್ರುವರಿಯಲ್ಲೇ ಬರೆದಿದ್ದೆ. ನಾನು ಆ ಸಾಲನ್ನು ಹಾರಿಸಿ ಓದಿದ್ದೆ.

ಅವ್ವ ನಡೆಯುವಂತಾದ ದಿನ ಹೇಳು. ಬಾಗಿಲಿನ ಹೊರಗೆ ನಿಂತೇ ಕರೆದುಕೊಂಡು ಹೋಗುತ್ತೇನೆ, ನೀನು ಒಳಗೆ ಕರೆಯದಿದ್ದರೂ ಸರಿ. ಹಗಲೆಲ್ಲ ಅವಳ ಜೊತೆ ಇರುತ್ತೇನೆ. ಅಪ್ಪನ ಫೋಟೋಕ್ಕೆ ಗಾಜಿಲ್ಲದ ಚೌಕಟ್ಟು ಹಾಕಿಸಿದರಾಯಿತು.

ಇನ್ನು ಆ ಹನ್ನೊಂದು ಸೆಕೆಂಡು. ಶೋಭಾ ಪಕ್ಕದಲ್ಲಿ ನಿಂತಿದ್ದಾಳೆ. ನಾನು ಬರೆಯದಿದ್ದರೆ ಅವಳೇ ಕೆಳಗೆ ಬರೆಯುತ್ತಾಳಂತೆ, ಅವಳ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಬರೆಯುತ್ತೇನೆ. ಅಲರ್ಟ್ ಕೂಗಿದಾಗ ನಾನು ಮಂಚದ ಹತ್ತಿರ ಹೋಗಲೇ ಇಲ್ಲ. ಮೇಜಿನ ಕೆಳಗೂ ಹೋಗಲಿಲ್ಲ. ಹಾಲ್‌ನಲ್ಲಿ ಟಿವಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು, ಬರಿಗಾಲಲ್ಲಿ, ಕಣ್ಣು ಮುಚ್ಚಿ ನಿಂತಿದ್ದೆ. "ಅವ್ವಾ, ಅವ್ವಾ" ಎಂದು ಕೂಗುತ್ತಿದ್ದೆನಂತೆ. ನೆಲ ನಿಂತ ಮೇಲೂ ಬಿಟ್ಟಿರಲಿಲ್ಲ. ಹನ್ನೊಂದು ಸೆಕೆಂಡು ಎಂದರೆ, ಮೇಜಿನ ಕೆಳಗಿನಿಂದ ಎದ್ದು ಬಂದ ಶೋಭಾ, ಟಿವಿಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ತೆಗೆದುಕೊಂಡ ಹೊತ್ತು.

ನಿನ್ನ ಅಣ್ಣ,
ಉಮಾಶಂಕರ